ಒಂದೇ ಗೋಲಿಂದ ಸೋತ್ವಿ ಅಂತ ಸಮಾಧಾನ ಹೇಳ್ಬೇಡಿ

ಸಂಪಾದಕರೇ,

2025ರ ನವೆಂಬರ್ 18ಕ್ಕೆ ಢಾಕಾದಲ್ಲಿ ನಮ್ಮ ಭಾರತ ಫುಟ್‌ಬಾಲ್ ತಂಡ ಬಾಂಗ್ಲಾದೇಶದ ಎದುರು 1-0ರಲ್ಲಿ ಸೋತಿದ್ದನ್ನ ಇವತ್ತಿನ ಕ್ರೀಡಾ ಪುಟದಲ್ಲಿ ಅಲ್ಪ ಅಂತರದ ಸೋಲು ಅಂತ ಹಾಕಿ, ಕೊನೇಲಿ ತಂಡ ಸುಧಾರಿಸ್ತಾ ಇದೆ ಅಂತ ಬೇರೆ ಬರೆದಿದ್ದೀರಿ. ಬೆಳಿಗ್ಗೆ ಅದನ್ನ ಓದಿದಾಗಿಂದ ತಲೆ ಕೆಟ್ಟು ಕೂತಿದೀನಿ. 22 ವರ್ಷದಿಂದ ಅವರ ಕೈಲಿ ಸೋತಿರ್ಲಿಲ್ಲ ನಾವು. 11ನೇ ನಿಮಿಷಕ್ಕೆ ಅವರ ಮೊರ್ಸಲಿನ್ ಗೋಲ್ ಹೊಡೆದ, ಆಮೇಲೆ ಹೆಚ್ಚುಕಮ್ಮಿ 80 ನಿಮಿಷ ಟೈಮ್ ಇತ್ತು, ಆ ಒಂದು ಗೋಲ್ ತೀರಿಸೋಕೆ ನಮ್ಮವರ ಕೈಲಿ ಆಗ್ಲಿಲ್ಲ. ಸುಧಾರಣೆ ಎಲ್ಲಿ ಕಾಣಿಸ್ತು ನಿಮಗೆ?

ಒಂದು ಗೋಲಿನ ಸೋಲು ಅಂದ್ರೆ ಎಲ್ಲಾ ಒಂದೇ ಅಲ್ಲ ಸಾರ್. 2024ರ ಜೂನಲ್ಲಿ ದೋಹಾದಲ್ಲಿ ಕತಾರ್ ಎದುರು 2-1ರಲ್ಲಿ ಸೋತ್ವಿ. ಅವರು ಹೊಸ ಹುಡುಗರನ್ನೇ ಇಳಿಸಿದ್ರು ಅನ್ನೋದು ನಿಜ, ಆದ್ರೂ ಏಷ್ಯಾ ಚಾಂಪಿಯನ್ನರು, ಮೊದಲ ಗೋಲ್ ನಮ್ಮ ಛಾಂಗ್ಟೆದು, ಲೈನ್ ದಾಟಿ ಹೋಗಿದ್ದ ಬಾಲನ್ನ ಒಳಗೆಳೆದು ಅವರು ಸಮ ಮಾಡಿದ್ರು, ರೆಫರಿ ಅದನ್ನ ಗೋಲ್ ಅಂತ ಕೊಟ್ಟೇಬಿಟ್ಟ. ಅವತ್ತು ಹೊಟ್ಟೆ ಉರೀತು, ಆದ್ರೆ ನಾಚಿಕೆ ಆಗ್ಲಿಲ್ಲ. ಅಲ್ಲಿಂದ ನೋಡ್ಕೊಂಡು ಬನ್ನಿ. 2025ರ ಜೂನಲ್ಲಿ ಹಾಂಗ್‌ಕಾಂಗ್ 1-0, ಅದೂ ಇಂಜುರಿ ಟೈಮಲ್ಲಿ ಪೆನಾಲ್ಟಿ ಬಿಟ್ಟುಕೊಟ್ಟು. ಅಕ್ಟೋಬರಲ್ಲಿ ಸಿಂಗಪುರ 2-1, ನಮ್ಮದೇ ನೆಲದಲ್ಲಿ. ಈಗ ಇದು. ಅಂತರ ಪ್ರತಿ ಸಲ ಅದೇ ಒಂದು ಗೋಲು, ಎದುರಾಳಿ ಮಟ್ಟ ಮಾತ್ರ ಇಳೀತಾ ಇಳೀತಾ ಫಿಫಾ 183ನೇ ರ್‍ಯಾಂಕಿಗೆ ಬಂದು ನಿಂತಿತು. ಏಷ್ಯನ್ ಕಪ್ ಕ್ವಾಲಿಫೈಯರಲ್ಲಿ 5 ಮ್ಯಾಚ್ ಆಡಿ ಹೊಡೆದಿದ್ದು 2 ಗೋಲು, ಸಿಕ್ಕಿದ್ದು 2 ಪಾಯಿಂಟು, ಇದನ್ನೂ ಸೇರಿಸಿ ಬರೀಬೇಕಿತ್ತಲ್ವಾ ವರದೀಲಿ?

ಸಣ್ಣ ಅಂತರದ ಸೋಲಿಗೆ ಬೆಲೆನೇ ಇಲ್ಲ ಅಂತ ನಾನು ಹೇಳ್ತಿಲ್ಲ. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಎದುರು 2-1ರಲ್ಲಿ ಸೋತಾಗ ನಮ್ಮ ಕಡೆ ಗೋಲ್ ಹೊಡೆದಿದ್ದು ನಮ್ಮ ಬೆಂಗಳೂರಿನ ರಾಮನ್, ಎರಡು ಪೆನಾಲ್ಟಿ ಹಾಳಾಗದೇ ಇದ್ದಿದ್ರೆ ಗೆಲ್ತಿದ್ವಿ. ಮೂರೇ ವರ್ಷಕ್ಕೆ ಡೆಲ್ಲಿ ಏಷ್ಯನ್ ಗೇಮ್ಸಲ್ಲಿ ಚಿನ್ನ ಬಂತು. ಅದು ಬೆಳೆಯೋ ಟೀಮಿನ ಸೋಲು.

ಸಿಂಗಪುರ ಮ್ಯಾಚಿಗೆ ಮಗನ್ನ ಕರ್ಕೊಂಡು ಗೋವಾದ ಮಡಗಾಂವಿಗೆ ಹೋಗಿದ್ದೆ. ಎರಡು ದಿನ ರಜೆ ಹಾಕಿ, ಸಂಬಳ ಕಟ್ ಆದ್ರೂ ಪರವಾಗಿಲ್ಲ ಅಂತ, ಸ್ಲೀಪರ್ ಬಸ್ಸಲ್ಲಿ ರಾತ್ರಿಯೆಲ್ಲಾ ಎಸಿ ನೀರು ದಿಂಬಿನ ಮೇಲೆ ತೊಟ್ಟಿಕ್ಕಿ, ಟವೆಲ್ ಹಾಸಿ ಮಗನ್ನ ಮಲಗಿಸಿ ನಾನು ಕೂತೇ ಹೋದೆ. 14ನೇ ನಿಮಿಷಕ್ಕೆ ಛಾಂಗ್ಟೆ ದೂರದಿಂದ ಹೊಡೆದಾಗ ಇವನು ಸೀಟಿನ ಮೇಲೆ ಹತ್ತಿ ಕುಣಿದ. ಹಾಫ್‌ಟೈಮಿಗೆ ಮುಂಚೆ ಸಮ ಆಯ್ತು, 58ನೇ ನಿಮಿಷಕ್ಕೆ ಎರಡನೇದೂ ಹೋಯ್ತು. ಇವನು ಬಾವುಟ ಸುತ್ತಿ ತೊಡೆ ಮೇಲೆ ಇಟ್ಕೊಂಡು, ಅಪ್ಪಾ ಒಂದೇ ಗೋಲಲ್ವಾ ಅಂದ. ಹೌದು ಕಣೋ ಅಂದೆ. ಏಷ್ಯನ್ ಕಪ್ಪಿಂದನೇ ಹೊರಗೆ ಬಿದ್ವಿ ಅವತ್ತು. ವಾಪಸ್ ಬರ್ತಾ ಬಸ್ ಘಾಟಲ್ಲಿ ಕೆಟ್ಟು ನಿಂತು, ಮನೆ ಸೇರೋಷ್ಟರಲ್ಲಿ ಮಧ್ಯಾಹ್ನ ಊಟದ ಹೊತ್ತು ದಾಟಿತ್ತು. ಒಂದೇ ಗೋಲು ಅನ್ನೋ ಮಾತು ಇನ್ನೂ ಎಷ್ಟು ಸಲ ಕೇಳ್ಬೇಕು?

2023ರ ಜುಲೈಲಿ ಇದೇ ಕಂಠೀರವದಲ್ಲಿ ಕುವೈತ್ ಮೇಲೆ ಪೆನಾಲ್ಟೀಲಿ ಗೆದ್ದು ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿದ್ದನ್ನ ಕಣ್ಣಾರೆ ನೋಡಿದೀನಿ, ಆ ತಿಂಗಳು ರ್‍ಯಾಂಕ್ 99 ಇತ್ತು. ಢಾಕಾ ಮ್ಯಾಚಿಗೆ ಮುಂಚೆ 136ಕ್ಕೆ ಬಿದ್ದಿತ್ತು, ಈ ಸೋಲಿಂದ ಇನ್ನೂ ಇಳೀತು. ಈ ಮಧ್ಯೆ ಕೋಚ್ ಸ್ಟಿಮಾಚ್ ಹೋದ್ರು, ಮನೋಲೊ ಬಂದು ಹೋದ್ರು, ಖಾಲಿದ್ ಜಮೀಲ್ ಬಂದ್ರು. ರಿಟೈರ್ ಆಗಿ ಹೋದ ಹಳೇ ಕ್ಯಾಪ್ಟನ್ ಛೆಟ್ರಿನ 40ನೇ ವಯಸ್ಸಲ್ಲಿ ವಾಪಸ್ ಕರೆಸಿದ್ರು. 2025ರ ನವೆಂಬರ್ ಅರ್ಧ ಕಳೆದ್ರೂ ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ ಶುರುವಾಗಿರ್ಲಿಲ್ಲ, ಅದನ್ನ ನಡೆಸೋ ಹಕ್ಕಿನ ಟೆಂಡರಿಗೆ ಒಂದು ಬಿಡ್ಡೂ ಬರ್ಲಿಲ್ಲ. ಲೀಗೇ ಇಲ್ದೆ ಆಟಗಾರ ಎಲ್ಲಿ ಸುಧಾರಿಸ್ತಾನೆ?

ಮೇಲಿನವರನ್ನ ಮಾತ್ರ ಯಾಕೆ ಬೈಬೇಕು, ನಮ್ಮ ಏರಿಯಾದ ಗ್ರೌಂಡ್ ಕಥೆ ನಿಮ್ಮ ಓದುಗರಿಗೆ ಗೊತ್ತೇ ಇದೆ. ವರ್ಷದಲ್ಲಿ ಅರ್ಧದಷ್ಟು ದಿನ ಶಾಮಿಯಾನ, ತೆಗೆದ ಮೇಲೆ ಗೂಟದ ಗುಂಡಿ ಮುಚ್ಚೋರಿಲ್ಲ, ಹೋದ ತಿಂಗಳು ಒಬ್ಬ ಹುಡುಗನ ಕಾಲು ಆ ಗುಂಡೀಲಿ ಉಳುಕಿ ಇಷ್ಟು ದಪ್ಪ ಆಗಿತ್ತು. ಅರ್ಜಿ ಹಿಡ್ಕೊಂಡು ನಾಲ್ಕು ಸಲ ಹೋದೆ, ಸಾಹೇಬರು ಮೀಟಿಂಗಲ್ಲಿದ್ದಾರೆ ಅಂದ್ರು. ಲೈಟ್ ಕಂಬ ನೆಟ್ಟು ಎರಡು ವರ್ಷ ಆಯ್ತು, ಬಲ್ಬ್ ಹಾಕಿಲ್ಲ. ಸಾಯಂಕಾಲ ಆರೂವರೆಗೆ ಕತ್ತಲಾದ್ರೆ ಮಕ್ಕಳು ಬ್ಯಾಗ್ ಎತ್ಕೊಂಡು ಮನೆಗೆ ಹೋಗ್ಬೇಕು.

ಫೆಡರೇಷನ್ನಿನವರು ಜನಕ್ಕೆ ಉತ್ತರ ಕೊಡ್ಲಿ, ಇಲ್ಲ ಕುರ್ಚಿ ಬಿಟ್ಟು ಎದ್ದು ಹೋಗ್ಲಿ, ಆದ್ರೆ ಕೋಚನ್ನ ಮಾತ್ರ ಮತ್ತೆ ಬದಲಾಯಿಸೋದು ಬೇಡ. ನಮ್ಮ ಗ್ರೌಂಡಿಗೆ ಯಾರಾದ್ರೂ ಬಲ್ಬ್ ಹಾಕಿಸಿ. ಇನ್ನು ಮುಂದೆ ಯಾವ ಮ್ಯಾಚಲ್ಲೇ ಆಗ್ಲಿ ಒಂದೇ ಗೋಲಿಂದ ಸೋತ್ರೆ ಸೋತ್ರು ಅಂತಷ್ಟೇ ಬರೀರಿ ಸಾರ್, ದಯವಿಟ್ಟು.

– ಒಬ್ಬ ಫುಟ್‌ಬಾಲ್ ಅಭಿಮಾನಿ, ಆಸ್ಟಿನ್ ಟೌನ್, ಬೆಂಗಳೂರು