ಹಲ್ಲಿನ ಕೀವಿಗೆ ಕೊಟ್ಟ ಮಾತ್ರೆ, ಹೊಟ್ಟೆಗೆ ಬಂದ ರಗಳೆ

ಗೆಳೆಯಾ,

ಬಾಯೆಲ್ಲ ತಾಮ್ರದ ಕಾಸು ಚೀಪಿದ ಹಾಗಿದೆ, ಹೊಟ್ಟೆಯೂ ಕೆಟ್ಟಿದೆ, ಮಾತ್ರೆ ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ನಿನ್ನ ಚೀಟಿಯಲ್ಲಿರೋದು ಎರಡು ಆಂಟಿಬಯಾಟಿಕ್: ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625, ಮೆಟ್ರೊನಿಡಜೋಲ್ 400. ಎರಡರ ಕಾಟವೂ ಬೇರೆ ಬೇರೆ.

ಬಾಯಿರುಚಿ ಕೆಡಿಸಿದ್ದು ಮೆಟ್ರೊನಿಡಜೋಲ್. ಅದು ಜೊಲ್ಲಿನಲ್ಲೂ ಇಳಿಯುತ್ತೆ, ಹಾಗಾಗಿ ಎಷ್ಟು ಹಲ್ಲುಜ್ಜಿದರೂ ಹೋಗಲ್ಲ. ಕೋರ್ಸ್ ಮುಗಿದ ಮೇಲೆ ತಾನಾಗಿ ಹೋಗುತ್ತೆ. ಮೂತ್ರ ಕಂದುಗೆಂಪಾದರೂ ಇದರದ್ದೇ ಇರಬಹುದು. ಆದರೆ ಅದರ ಜೊತೆ ಕಣ್ಣು ಹಳದಿಯಾಗಿ ಮೈ ತುರಿಸಿದರೆ ಕ್ಲಾವುಲನೇಟ್ ಲಿವರ್ ಮುಟ್ಟಿರಬಹುದು. ಕೋರ್ಸ್ ಮುಗಿದು ಕೆಲವು ವಾರಗಳಾದ ಮೇಲೂ ಇದು ಬರುತ್ತೆ, ಆಗ ಹಲ್ಲಿನ ಮಾತ್ರೆ ಯಾರಿಗೂ ನೆನಪಿರಲ್ಲ. ಮದ್ಯವನ್ನು ಕೋರ್ಸ್ ಮುಗಿದ ಮೇಲೂ ಮೂರು ದಿನ ಮುಟ್ಟಬೇಡ.

ಭೇದಿ ಬಹುಮಟ್ಟಿಗೆ ಕ್ಲಾವುಲನೇಟ್‌ನದು. 625 ಅಂದರೆ 500 ಮಿಗ್ರಾಂ ಅಮಾಕ್ಸಿಸಿಲಿನ್, 125 ಮಿಗ್ರಾಂ ಕ್ಲಾವುಲನೇಟ್; 375ರಲ್ಲಿ 250, 125. 625 ಸಿಗಲಿಲ್ಲ ಅಂತ 375ರ ಎರಡು ನುಂಗಿದರೆ ಅಮಾಕ್ಸಿಸಿಲಿನ್ ಅಷ್ಟೇ, ಕ್ಲಾವುಲನೇಟ್ ಮಾತ್ರ 250 ಆಗುತ್ತೆ, ಹೊಟ್ಟೆ ಇನ್ನೂ ಕೆಡುತ್ತೆ. ಊಟದ ಮೊದಲ ತುತ್ತಿನ ಜೊತೆ ನುಂಗು, ಖಾಲಿ ಹೊಟ್ಟೆಗೆ ಬೇಡ. ಒಂದೆರಡು ಸಲ ಸಡಿಲವಾದರೆ ಓಆರ್‌ಎಸ್ ಸಾಕು. ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂತಿದೆಯೋ 200 ಮಿಲಿ ಅಂತಿದೆಯೋ ನೋಡಿ, ಅಷ್ಟೇ ನೀರಿಗೆ ಪೂರ್ತಿ ಹಾಕು.

ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ನೀರುನೀರಾಗಿ ಹೋಗಿ, ಜ್ವರ, ಹೊಟ್ಟೆ ನುಲಿತ ಅಥವಾ ರಕ್ತ ಕಂಡರೆ ಮಾತು ಬೇರೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಬೆಳೆದಿರಬಹುದು. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಬರೆಯುವ ಕ್ಲಿಂಡಮೈಸಿನ್‌ನಲ್ಲಿ ಈ ಅಪಾಯ ಹೆಚ್ಚು. ಈ ಭೇದಿ ಕೋರ್ಸ್ ಮುಗಿದು ಎರಡು ತಿಂಗಳಾದರೂ ಬರಬಹುದು. ಆಗ ನೀನಾಗಿ ಭೇದಿ ನಿಲ್ಲಿಸುವ ಲೊಪೆರಮೈಡ್ ನುಂಗಬೇಡ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಹಲ್ಲಿನ ಮಾತ್ರೆಯ ವಿಷಯ ಹೇಳು, ಇಲ್ಲದಿದ್ದರೆ ಭೇದಿಗೆ ಅಂತ ಇನ್ನೊಂದು ಆಂಟಿಬಯಾಟಿಕ್ ಬೀಳುತ್ತೆ.

ನಮ್ಮಲ್ಲಿ ಯಾರೂ ಗಮನಿಸದ ಇನ್ನೊಂದಿದೆ. ಆಫ್ಲೊಕ್ಸಸಿನ್-ಆರ್ನಿಡಜೋಲ್ ಜೋಡಿ ಮಾತ್ರೆಯನ್ನೂ ಹಲ್ಲಿಗೆ ಕೊಡ್ತಾರೆ. ಕೆಲವರಿಗೆ ತುಟಿಯ ಮೇಲೆ ಉರಿಯುವ ದುಂಡು ಕಲೆ ಎದ್ದು, ಕಪ್ಪಾಗಿ ಉಳಿಯುತ್ತೆ. ಮನೆಯಲ್ಲಿ ‘ಉಷ್ಣ’ ಅಂತ ಎಳನೀರು ಕುಡಿಸ್ತಾರೆ. ಮತ್ತೆ ಅದೇ ಔಷಧಿ ತಗೊಂಡಾಗ ಕಲೆ ಅದೇ ಜಾಗದಲ್ಲಿ ಏಳುತ್ತೆ. ಫೋಟೋ ತೆಗೆದಿಟ್ಟು, ಬ್ರ್ಯಾಂಡ್ ಬಿಟ್ಟು ಮೂಲ ಔಷಧಿಯ ಹೆಸರು ಬರೆದುಕೊಳ್ಳಬೇಕು. ಒಂದೇ ಔಷಧಿ ಹತ್ತಾರು ಹೆಸರಲ್ಲಿ ಸಿಗುತ್ತೆ.

ಮೈಯೆಲ್ಲ ದದ್ದು ಎದ್ದು ತುಟಿ ಊದಿ ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ 108ಕ್ಕೆ ಫೋನ್ ಮಾಡು. ದದ್ದಿಲ್ಲದೆ ನಾಲಿಗೆಯ ಕೆಳಗೆ, ಕುತ್ತಿಗೆಯಲ್ಲಿ ಊತ ಬಂದು ಬಾಯಿ ತೆರೆಯೋಕೆ, ಎಂಜಲು ನುಂಗೋಕೆ ಆಗದಿದ್ದರೆ ಅದು ಸೋಂಕೇ ಇಳಿದಿರೋದು. ಆಗಲೂ ಆಸ್ಪತ್ರೆಗೇ ಓಡಬೇಕು.

ಈಗಿರುವಷ್ಟಕ್ಕೆ ನೀನಾಗಿ ಬಿಡಬೇಡ, ಹಲ್ಲಿನ ಡಾಕ್ಟರಿಗೆ ಫೋನ್ ಮಾಡು. ಕೀವು ಹೊರಹೋಗಿ ನೋವು, ಊತ ಇಳಿದಿದ್ದರೆ ಅವರೇ ಕೋರ್ಸ್ ಕಡಿಮೆ ಮಾಡಬಹುದು. ಸತ್ತ ಹಲ್ಲಿನ ಒಳಗೆ ರಕ್ತ ಹರಿಯಲ್ಲ, ಮಾತ್ರೆಯೂ ಅಲ್ಲಿಗೆ ತಲುಪಲ್ಲ. ರೂಟ್ ಕೆನಾಲ್ ಅಥವಾ ಕೀಳಿಸೋದು ತಪ್ಪಿದ್ದಲ್ಲ.

ಉಳಿದ ಮಾತ್ರೆಯನ್ನು ಅಪ್ಪನ ಹಲ್ಲುನೋವಿಗೆ ಕೊಡೋಕೆ ಹೋಗಬೇಡ. ಅವರು ಹೃದಯದ ಕವಾಟಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಅಸಿಟ್ರೋಮ್ ತಗೊಳ್ತಾರಲ್ಲ, ಮೆಟ್ರೊನಿಡಜೋಲ್ ಸೇರಿದರೆ ರಕ್ತ ಹೆಪ್ಪುಗಟ್ಟೋದು ಎಷ್ಟು ತಡ ಅಂತ ತೋರಿಸುವ ಐಎನ್‌ಆರ್ ಏರಿ ರಕ್ತಸ್ರಾವ ಆಗಬಹುದು.

ನಿನ್ನ ಗೆಳೆಯ