ಗೆಳೆಯನಿಗೊಂದು ಪತ್ರ: ಕರ್ಪೂರದ ವಾಸನೆಯ ಪೆನ್ನು

ಟುರಿನ್, ಇಟಲಿ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಬಂದು ಮೂರು ವಾರವಾಯಿತು. "ಪೆನ್ನಿಗೆ ಅಷ್ಟು ದುಡ್ಡು ಹಾಕ್ತೀಯಲ್ಲ ಮಾರಾಯ, ಹತ್ತು ರೂಪಾಯಿ ಪೆನ್ನಲ್ಲಿ ಅಕ್ಷರ ಮೂಡೋದಿಲ್ವಾ?" ಅಂತ ಕೇಳಿದ್ದೆ. ಬೆರಳಲ್ಲಿ ಒತ್ತಿ ಉತ್ತರ ಕಳಿಸೋಕೆ ಮನಸ್ಸು ಬರಲಿಲ್ಲ. ಬರೆದೇ ಹೇಳುತ್ತೇನೆ.

ಇದನ್ನು ಬರೆಯುತ್ತಿರುವುದು ಔರೋರಾ 88ರಲ್ಲಿ. ಈ ಊರಿನದೇ ಇಂಕು ಪೆನ್ನು. 1919ರಲ್ಲಿ ಶುರುವಾದ ಕಂಪನಿ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕಾರ್ಖಾನೆ ಹೋಯಿತು. ಊರಂಚಿಗೆ, ಸ್ತೂರಾ ನದಿಯ ಕಡೆ ಒಂದು ಹಳೆಯ ಮಠದ ಪಕ್ಕಕ್ಕೆ ಹೋಗಿ ಮತ್ತೆ ಕೆಲಸ ಹಿಡಿದರು. ಇವತ್ತಿಗೂ ಅಲ್ಲೇ ಇದ್ದಾರೆ, ನಿಬ್ಬನ್ನೂ ತಾವೇ ಮಾಡಿಕೊಳ್ಳುತ್ತಾರೆ. 88 ಬಂದದ್ದು 1947ರಲ್ಲಿ. ಅದಕ್ಕೆ ರೂಪ ಕೊಟ್ಟವರು ಮಾರ್ಚೆಲ್ಲೊ ನಿತ್ಸೋಲಿ. ಮೂರು ವರ್ಷ ಬಿಟ್ಟು ಬಂದ ಒಲಿವೆಟ್ಟಿ ಕಂಪನಿಯ ಲೆಟ್ಟೆರಾ 22 ಟೈಪ್‌ರೈಟರಿನ ವಿನ್ಯಾಸವೂ ಅವರದೇ. ಕೈಬರಹದ ಯಂತ್ರ, ಟೈಪಿನ ಯಂತ್ರ ಎರಡನ್ನೂ ಒಬ್ಬನೇ ಮನುಷ್ಯ ಅಷ್ಟು ಅಂದವಾಗಿ ಮಾಡಿದ್ದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನನ್ನ 88 ಅಂಗಡಿಯದ್ದಲ್ಲ. ಇಲ್ಲಿ ಪೋರ್ತಾ ಪಲಾತ್ಸೊ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ತಿಂಗಳ ಎರಡನೇ ಭಾನುವಾರ ಹಳೇ ಸಾಮಾನಿನ ದೊಡ್ಡ ಸಂತೆ ಸೇರುತ್ತದೆ, ಗ್ರಾನ್ ಬಲೋನ್ ಅಂತ. ಒಬ್ಬ ಅಜ್ಜ ಬೀಗದ ಕೈ, ಚಮಚಗಳ ನಡುವೆ ಇಟ್ಟುಕೊಂಡಿದ್ದ. ಇಂಕನ್ನು ಒಳಗೆಳೆಯುವ ಪಿಸ್ಟನ್ ಕಚ್ಚಿಕೊಂಡು ಕೂತಿತ್ತು. ಜೋರು ಮಾಡಿದ್ದರೆ ಮುರಿಯುತ್ತಿತ್ತು. ಮನೆಗೆ ತಂದು ನಿಬ್ಬಿನ ಕಡೆಯನ್ನು ಮಾತ್ರ ಲೋಟದ ನೀರಿನಲ್ಲಿ ಅದ್ದಿಟ್ಟೆ. ಮೊದಲ ದಿನ ನೀರು ಗಾಢ ನೀಲಿ. ಮರುದಿನ ಬದಲಿಸಿದೆ, ಮತ್ತೂ ನೀಲಿ. ಯಾರು ತುಂಬಿಸಿದ ಇಂಕೋ, ಏನು ಬರೆಯಬೇಕೆಂದು ತುಂಬಿಸಿದ್ದರೋ. ನಾಲ್ಕನೇ ದಿನ ಪಿಸ್ಟನ್ ತಿರುಗಿಸುವ ಹಿಂದಿನ ತಿರುಪು ಕೂದಲೆಳೆಯಷ್ಟು ಅಲುಗಿತು. ಆ ಗಳಿಗೆಯಲ್ಲಿ ನೀನು ಪಕ್ಕದಲ್ಲಿರಬೇಕಿತ್ತು.

ಔರೋರಾದ ನಿಬ್ಬು ಜಾರುವುದಿಲ್ಲ ಕಣೋ. ಚೂಪು ಪೆನ್ಸಿಲಿನ ಹಾಗೆ ಕಾಗದವನ್ನು ಮೆಲ್ಲಗೆ ಹಿಡಿಯುತ್ತದೆ, ಸಣ್ಣ ಸದ್ದೂ ಬರುತ್ತದೆ. ಶುರುವಿನಲ್ಲಿ ನಿಬ್ಬು ಕೆಟ್ಟಿದೆ ಅಂದುಕೊಂಡಿದ್ದೆ. ಅದರ ಗುಣವೇ ಹಾಗೆ. ಕನ್ನಡ ಬರೆದಾಗ ಅದರ ಬೆಲೆ ಗೊತ್ತಾಯಿತು. ನಮ್ಮದೆಲ್ಲ ಸುತ್ತು ಅಕ್ಷರ. ನುಣುಪು ನಿಬ್ಬಿನಲ್ಲಿ ಅ, ಣ, ಋ ಎಲ್ಲ ಕೈಮೀರಿ ದೊಡ್ಡದಾಗುತ್ತವೆ, ಒತ್ತಕ್ಷರ ಜಾರಿ ಕೆಳಗಿನ ಸಾಲಿನ ದೀರ್ಘಕ್ಕೆ ತಗಲುತ್ತದೆ. ಇದು ಪ್ರತಿ ತಿರುವಿನಲ್ಲೂ ಕೈಯನ್ನು ಸ್ವಲ್ಪ ತಡೆದು ಬಿಡುತ್ತದೆ. 'ಸ್ವಾತಂತ್ರ್ಯ' ಅಂತ ಹತ್ತು ಸಲ ಬರೆದೆ, ಕೊನೆಯ ಎರಡು ಒತ್ತೂ ಬಿಡಿಬಿಡಿಯಾಗಿ ನಿಂತವು. ಅಗಲ ನಿಬ್ಬು ಕನ್ನಡಕ್ಕೆ ಬೇಡ, ಒತ್ತಕ್ಷರದ ಹೊಟ್ಟೆ ಇಂಕಿನಲ್ಲಿ ಮುಚ್ಚಿಹೋಗುತ್ತದೆ.

ಇನ್ನೊಂದು ಪೆನ್ನಿದೆ, ಓಮಾಸ್. ಇಟಲಿಯದೇ ಬೊಲೋನ್ಯ ಊರಿನದ್ದು. ಅರ್ಮಾಂಡೊ ಸಿಮೋನಿ 1925ರಲ್ಲಿ ಕಟ್ಟಿದ ಕಂಪನಿ, 2016ರಲ್ಲಿ ಬಾಗಿಲು ಹಾಕಿತು. ಹನ್ನೆರಡು ಮುಖದ ಮೈ, ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ಕಿನದ್ದು. ಸೆಲ್ಯುಲಾಯ್ಡಿಗೆ ಏನು ಸೇರಿಸುತ್ತಾರೆ ಗೊತ್ತಾ? ಕರ್ಪೂರ! ನಾವು ಆರತಿಗೆ ಹಚ್ಚುವ ಅದೇ ಕರ್ಪೂರ. ಹತ್ತಿಯ ನಾರಿನಿಂದ ಮಾಡಿದ ನೈಟ್ರೋಸೆಲ್ಯುಲೋಸಿಗೆ ಅದನ್ನು ಬೆರೆಸಿ ಮೆತ್ತಗಾಗಿಸಿ, ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಸರಿಯಾಗಿ ಒಣಗುವ ಮೊದಲೇ ಕಡೆದರೆ ಪೆನ್ನು ಆಮೇಲೆ ಕುಗ್ಗಿ ಸೊಟ್ಟಗಾಗುತ್ತದೆ. ಬೆಂಕಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ದೀಪದ ಹತ್ತಿರ ಬಿಡುವುದಿಲ್ಲ. ಕ್ಯಾಪು ತೆಗೆದಾಗ ಸಣ್ಣಗೆ ಬರುತ್ತದೆ ಆ ವಾಸನೆ. ಇಷ್ಟು ದೂರದ ಊರಲ್ಲಿ, ಚಳಿಗಾಲದ ಸಂಜೆ ಐದೂವರೆಗೇ ಕತ್ತಲಾದಾಗ, ಕ್ಯಾಪು ತಿರುಗಿಸಿದರೆ ಅಮ್ಮ ದೇವರ ಕೋಣೆಯಿಂದ ಈಗಷ್ಟೇ ಹೊರಗೆ ಬಂದ ಹಾಗಾಗುತ್ತದೆ. ದುಡ್ಡು ಯಾಕೆ ಹಾಕ್ತೀಯ ಅಂತ ಕೇಳಿದ್ದೆಯಲ್ಲ, ಅರ್ಧ ಉತ್ತರ ಇದು.

ಉಳಿದರ್ಧ ನೀನೇ. ಹೈಸ್ಕೂಲಿನ ಗೋಡೆ ಪತ್ರಿಕೆಯನ್ನು ಒಂದಿಂಚೂ ತಿದ್ದದೆ ಪೂರ್ತಿ ಬರೆದ ಕೈ ನಿನ್ನದು. ನಿನ್ನ 'ಳ' ನೋಡಿ ನಾನು ನನ್ನ 'ಳ' ಬದಲಿಸಿಕೊಂಡೆ, ಇವತ್ತಿಗೂ ಹಾಗೇ ಬರೆಯುತ್ತೇನೆ. ಆ ಕೈ ಬರೆದದ್ದನ್ನು ಕಂಡು ಹದಿನೈದು ವರ್ಷ ಮೇಲಾಯಿತು.

ಗೌರಿ ಹಬ್ಬಕ್ಕೆ ಊರಿಗೆ ಬರುತ್ತೇನೆ. ಈ 88 ನಿನಗೆ. ವಿಮಾನದಲ್ಲಿ ಸೋರದ ಹಾಗೆ ಇಂಕು ಖಾಲಿ ಮಾಡಿ, ತೊಳೆದು ತರುತ್ತೇನೆ. ಸಾಧಾರಣ ನೀಲಿ ಇಂಕು ಸಾಕು. ಚಿತ್ರ ಬರೆಯುವ ಕಪ್ಪು ಮಸಿ ಮಾತ್ರ ಬೇಡ, ಒಳಗೆ ಗಟ್ಟಿಯಾಗಿ ದಾರಿ ಕಟ್ಟಿಬಿಡುತ್ತದೆ. ಈಗಲೇ ಒಂದು ಒಳ್ಳೆಯ ನೋಟ್‌ಬುಕ್ ಕೊಂಡು, ಅಟ್ಟದ ಮೇಲೆ ಬೆಚ್ಚಗಿರುವ ಕಡೆ ಎತ್ತಿಡು. ನಮ್ಮ ಕಡೆಯ ಮಳೆಗೆ ಥಂಡಿ ಹಿಡಿದ ಕಾಗದದಲ್ಲಿ ಇಂಕು ಬೇರು ಬಿಡುತ್ತದೆ.

ನಿನ್ನವ