ಮಗಳಿಗೊಂದು ಪತ್ರ: ಮೂಲೆಯ ಬೋಗುಣಿ

ಕೊಪ್ಪಳ
ಭಾನುವಾರ ರಾತ್ರಿ

ಅವ್ವಿ,

ನಿನ್ನ ಕಥೆ ಓದಿದೆ. ಮೊಬೈಲಿನಲ್ಲಿ ಅಕ್ಷರ ಸಣ್ಣ, ನನ್ನ ಕಣ್ಣೂ ಮೊದಲಿನಂತಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಹನ್ನೊಂದು ಹಾಳೆ ಆಯಿತು. ಅಂಗಡಿಯ ಹುಡುಗ ಮೊದಲನೇ ಹಾಳೆಯನ್ನು ಅಲ್ಲೇ ನಿಂತು ಓದಿಬಿಟ್ಟ. "ಸರ, ಈ ಗಿರಣಿ ಯಾವ ಊರಾಗೈತ್ರಿ?" ಅಂದ. ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಹೇಳೋಕೆ ಬರೋದಿಲ್ಲ.

ನಿನ್ನೆ ಫೋನಿನಲ್ಲಿ "ಚಲೋ ಐತಿ" ಅಂದು ಸುಮ್ಮನಾದೆ. ನಿನಗೆ ಬೇಜಾರಾಗಿದೆ ಅಂತ ನಿಮ್ಮವ್ವ ಹೇಳಿದಳು. ನಾನು ಸುಳ್ಳು ಹೇಳಿಲ್ಲ. ಹತ್ತು ಹಾಳೆ ಚಲೋ ಇವೆ. ಹನ್ನೊಂದನೆಯದರ ಬಗ್ಗೆ ಫೋನಿನಲ್ಲಿ ಬಾಯಿ ಬರಲಿಲ್ಲ. ಅದಕ್ಕೇ ಈ ಪತ್ರ.

ಗಿರಣಿ ಈರಪ್ಪ ನನಗೆ ಹಿಡಿಸಿದ. ಸಾಲಿನಲ್ಲಿ ನಿಂತವರಿಗೆಲ್ಲ ಬೈಯುತ್ತಾನೆ. ಪಟ್ಟೆ ಬಡಿದುಕೊಳ್ಳುವ ಸದ್ದಿಗಿಂತ ಅವನ ದನಿಯೇ ಜಾಸ್ತಿ. ಹಿಟ್ಟು ಬೀಳುವಾಗ ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಾನೆ. ಇದನ್ನು ಯಾವಾಗ ನೋಡಿದೆ ನೀನು? ಜೋಳ ಬೀಸಿಸಿಕೊಂಡು ಬಾ ಅಂದರೆ "ಹೋಗಂಗಿಲ್ಲ, ಅಂವ ಬೈತಾನ" ಅಂತ ಅಳುತ್ತಿದ್ದವಳು. ಅಳುತ್ತಲೇ ಎಲ್ಲ ನೋಡಿಕೊಂಡು ಬಂದಿದ್ದೀಯ. ಒಂದು ತಪ್ಪಿದೆ, ತಿದ್ದಿಕೋ. ಐದನೇ ಹಾಳೆಯಲ್ಲಿ ಈರಪ್ಪ ಒಣಮೆಣಸಿನಕಾಯಿ ಬೀಸಿ, ಅದೇ ಕಲ್ಲಿಗೆ ಜೋಳ ಸುರಿಯುತ್ತಾನೆ. ಹಾಗೆ ಮಾಡಿದರೆ ಮರುದಿನ ಊರಿನವರು ಗಿರಣಿಗೆ ಬೆಂಕಿ ಹಚ್ಚುತ್ತಾರೆ. ಖಾರಕ್ಕೆ ಬೇರೆ ಮಷಿನ್ ಇರುತ್ತದೆ.

ಈಗ ಹನ್ನೊಂದನೇ ಹಾಳೆ. ಈರಪ್ಪ ಮೋಟರ್ ಬಂದ್ ಮಾಡುತ್ತಾನೆ. ಆ ಹುಡುಗಿಯನ್ನು ಕೂರಿಸಿಕೊಂಡು ಅಳುತ್ತಾನೆ. ಅವನಿಗೊಬ್ಬ ಮಗಳಿದ್ದಳು, ಸಣ್ಣವಳಿದ್ದಾಗಲೇ ತೀರಿಕೊಂಡಳು, ಅವತ್ತಿನಿಂದ ಈ ಸಿಟ್ಟು. ಆ ಮುದುಕಿಯ ಜೋಳವನ್ನು ದುಡ್ಡು ತಗೊಳ್ಳದೆ ಬೀಸಿಕೊಡೋದೂ ಅದಕ್ಕೇ ಅಂತೆ.

ಸಿಟ್ಟಿನ ಮನುಷ್ಯನಿಗೆ ಸತ್ತ ಮಗು ಒಂದು ಬೇಕೇ ಬೇಕಾ ಅವ್ವಿ? ಟೀವಿ ಧಾರಾವಾಹಿಯವರಿಗೆ ಬೇಕು, ಅವರು ನೂರಾರು ಕಂತು ಎಳೆಯಬೇಕು. ಹತ್ತು ಹಾಳೆ ಬಾಯಿ ಬಿಡದ ಮನುಷ್ಯ ಹನ್ನೊಂದನೆಯದರಲ್ಲಿ ಕೇಳದೇ ಇದ್ದವರಿಗೂ ಎಲ್ಲ ಹೇಳಿಬಿಟ್ಟ. ಅವನನ್ನು ನೀನು ನಂಬಲಿಲ್ಲ ಅನಿಸಿತು. ಅಥವಾ ನಮ್ಮನ್ನು, ಓದುವವರನ್ನು ನಂಬಲಿಲ್ಲ.

ನಿನಗೆ ಒಬ್ಬರ ವಿಷಯ ಇದುವರೆಗೆ ಹೇಳಿಲ್ಲ. ನಾನು ಹುಟ್ಟಿದ ಊರಲ್ಲಿ ಒಬ್ಬ ಮಾಸ್ತರ ಇದ್ದರು. ಶಾಲೆಯ ಮಾಸ್ತರ ಅಲ್ಲ, ದೊಡ್ಡಾಟ ಕಲಿಸುವ ಮಾಸ್ತರ. ಆಟ ಇಲ್ಲದ ದಿನ ಮದುವೆಗೆ, ಜಾತ್ರೆಗೆ, ಸತ್ತವರ ಮನೆಯ ಊಟಕ್ಕೆ ಅಡುಗೆ ಮಾಡುತ್ತಿದ್ದರು. ಎರಡೂ ಕಡೆ ಅದೇ ಗಂಟಲು, ಅದೇ ಬೈಗುಳ. ಅಡುಗೆ ಮಾಡುವ ಜಾಗಕ್ಕೆ ಯಾರಾದರೂ ಇಣುಕಿದರೆ ಸೌಟು ಎತ್ತಿಕೊಂಡೇ ಬರುತ್ತಿದ್ದರು. ಮದುಮಗನ ಅಪ್ಪನೇ ಬಂದರೂ ಅಷ್ಟೇ. "ನಿನ್ನ ಮಗನ ಲಗ್ನ ಅಲ್ಲಿ ನಡದೈತಿ, ಇಲ್ಲೇನ್ ನೋಡಾಕ ಬಂದಿ?"

ಆಗ ನನಗೆ ಹದಿಮೂರು ವರ್ಷ. ಆ ವರ್ಷ ಕೀಚಕನ ವಧೆ ಆಟ ಕಟ್ಟುತ್ತಿದ್ದರು. ನನಗೆ ಸಾರಥಿಯ ಪಾತ್ರ. ವೇಷ ಹಾಕಿ ಬಂದವರನ್ನೆಲ್ಲ ನೀವ್ಯಾರು, ಎಲ್ಲಿಂದ ಬಂದಿರಿ ಅಂತ ಕೇಳಿ ಮಾತಾಡಿಸುವವನೇ ಸಾರಥಿ. ಮಾತು ಕಲಿಸುವುದಕ್ಕೆ ಮಾಸ್ತರ ದುಡ್ಡು ಕೇಳಲಿಲ್ಲ. ಬದಲಿಗೆ ಅವರ ಅಡುಗೆಗೆ ನಾನು ನೀರು ಹೊರಬೇಕು. ಹಾಗಾಗಿ ಅವರ ಅಡುಗೆಯ ಒಳಗು ನೋಡಿದ ಹುಡುಗ ನಾನೊಬ್ಬನೇ ಇರಬೇಕು.

ಒಂದು ಮದುವೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ದೊಡ್ಡ ಕೊಪ್ಪರಿಗೆಯಲ್ಲಿ ಹುಗ್ಗಿ ಕುದಿಯುತ್ತಿತ್ತು. ಹದ ಬಂದ ತಕ್ಷಣ, ಬೆಲ್ಲ ತುಪ್ಪ ಎಲ್ಲ ಕೂಡಿದ ಮೇಲೆ, ಮಾಸ್ತರ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಒಂದು ಬೋಗುಣಿ ತುಂಬ ಗಟ್ಟಿ ಹುಗ್ಗಿ ತೆಗೆದು, ಮೇಲೆ ತಾಟು ಮುಚ್ಚಿ, ಮೂಲೆಯಲ್ಲಿ ಕಟ್ಟಿಗೆಯ ಹಿಂದೆ ಇಟ್ಟರು. ಇನ್ನೂ ಒಂದು ಪಂಕ್ತಿಯೂ ಕೂತಿರಲಿಲ್ಲ. ಆಮೇಲೆ ಎರಡು, ಮೂರು ಪಂಕ್ತಿ ಎದ್ದವು. ಬೀಗರ ಕಡೆಯವರು ಇನ್ನೊಂದು ಸಲ ಹುಗ್ಗಿ ಕೇಳಿದರು. ಮಾಸ್ತರ ಅಲ್ಲಿಂದಲೇ ಕೂಗಿದರು. "ಹುಗ್ಗಿ ಮುಗದೈತಿ! ಹೊಟ್ಟಿ ಐತೋ ಹಗೇವ ಐತೋ? ಏಳ್ರಿ ಮ್ಯಾಲ!"

ಇವರು ಕದ್ದು ಮನೆಗೆ ಒಯ್ಯುತ್ತಾರೆ ಅಂತ ನನಗೆ ಅನಿಸಿತು. ಹದಿಮೂರು ವರ್ಷದವನ ನ್ಯಾಯ ನಿನಗೆ ಗೊತ್ತಲ್ಲ. ಸೀದಾ ಹೋಗಿ ಮನೆಯ ಯಜಮಾನರಿಗೆ ಹೇಳಿಬಿಟ್ಟೆ.

ಯಜಮಾನರು ಬಂದರು. ಕಟ್ಟಿಗೆ ಸರಿಸಿದರು. ಬೋಗುಣಿ ಸಿಕ್ಕಿತು. ನಾಲ್ಕು ಜನ ಸೇರಿದರು. ಮಾಸ್ತರ ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡು, ಅದೇ ಆಟದ ದನಿಯಲ್ಲಿ, "ಹೌದು, ಇಟ್ಟೀನಿ. ಬೆಳತನ ಬೆಂಕಿ ಮುಂದ ಬೆಂದಂವ ನಾನು. ನನ್ನ ಪಾಲು ಅದು. ಕೂಲಿಯೊಳಗ ಹಿಡಕೋ ಹೋಗು" ಅಂದರು. ಯಜಮಾನರು ನಿಜಕ್ಕೂ ಕೂಲಿಯಲ್ಲಿ ಹಿಡಿದುಕೊಂಡರು. ಜಿಪುಣ, ಹೊಟ್ಟೆಬಾಕ ಅನ್ನುವ ಹೆಸರೂ ಬಂತು. ಸಿಟ್ಟಿನವ ಅನ್ನುವುದು ಮೊದಲೇ ಇತ್ತು.

ಸಂಜೆ ಆಯಿತು. ಊಟದವರೆಲ್ಲ ಹೋದರು. ಕೊಪ್ಪರಿಗೆಯಲ್ಲಿ ನೀರು ಬೆರೆತ ಸಾರು, ತಳ ಹತ್ತಿದ ಅನ್ನ ಬಿಟ್ಟರೆ ಏನೂ ಇರಲಿಲ್ಲ. ಆಗ ಬಂದರು ಹಲಗೆ ಬಾರಿಸಿದವರು, ಎಲೆ ಎತ್ತಿದವರು, ಪಾತ್ರೆ ತಿಕ್ಕಿದ ಹೆಂಗಸರು, ಅವರ ಮಕ್ಕಳು. ಎಲ್ಲ ಮದುವೆಯಲ್ಲೂ ಕೊನೆಗೆ ಉಣ್ಣುವವರು ಅವರೇ. ಮಾಸ್ತರ ಬೋಗುಣಿ ಎಳೆದು ನಡುವೆ ಕುಕ್ಕಿದರು. "ಉಣ್ರಿ ಲಗೂನ. ನಿಮ್ಮ ಸಲುವಾಗಿ ರಾತ್ರಿತನ ಕುಂದ್ರಲೇನು ನಾನು?" ಅಂತ ಅವರಿಗೂ ಬೈದರು. ತಾವು ಒಂದು ತುತ್ತೂ ತಿನ್ನಲಿಲ್ಲ. ಪಾತ್ರೆ ತಿಕ್ಕುವ ಒಬ್ಬ ಹೆಂಗಸು ನಗುತ್ತಾ ಬಡಿಸಿಕೊಂಡಳು. ಅವಳು ಹೆದರಿರಲಿಲ್ಲ. ಆ ಬೈಗುಳ ಅವಳಿಗೆ ಹಳೆಯ ಪರಿಚಯ ಅಂತ ನನಗೆ ಆಗ ಹೊಳೆಯಿತು.

ಅವತ್ತು ರಾತ್ರಿ ತಾಲೀಮು ಇತ್ತು. ನಾನು ನಡುಗುತ್ತಾ ಹೋದೆ. ಮಾಸ್ತರ ಹುಗ್ಗಿಯ ಮಾತು ಎತ್ತಲೇ ಇಲ್ಲ. "ಎಡಗಾಲ ಮುಂದ, ಕತ್ತೆ! ಎಡಗಾಲ!" ಅಂತ ಎಂದಿನಂತೆ ಕಿರುಚಿದರು. ನಾನೂ ತಪ್ಪಾಯ್ತು ಅಂತ ಹೇಳಲಿಲ್ಲ. ಅವರು ಇರುವವರೆಗೂ ಹೇಳಲಿಲ್ಲ.

ನೋಡು, ನೀನು ಈರಪ್ಪನ ಸಿಟ್ಟನ್ನು ಮೇಲಿನ ಸಿಪ್ಪೆ ಅಂತ ಬರೆದಿದ್ದೀಯ. ಕೊನೆಗೆ ಸುಲಿದರೆ ಒಳಗೆ ಹಣ್ಣು. ಮಾಸ್ತರಿಗೆ ಆ ಲೆಕ್ಕ ಕೂಡೋದಿಲ್ಲ. ಅವರು ಮೆತ್ತಗಿನ ಮನುಷ್ಯ ಆಗಿದ್ದರೆ ಬೀಗರು ನಾಲ್ಕನೇ ಸಲ ಕೇಳಿದಾಗಲೂ ಬಡಿಸುತ್ತಿದ್ದರು, ಬೋಗುಣಿ ಖಾಲಿಯಾಗುತ್ತಿತ್ತು. ಆ ಬಾಯಿ ಇದ್ದದ್ದಕ್ಕೇ ಆ ಮೂಲೆಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ, ನನ್ನಂಥ ಒಬ್ಬ ಚಾಡಿಕೋರನನ್ನು ಬಿಟ್ಟರೆ.

ಕೀಚಕನ ವಧೆಯಲ್ಲಿ ಅವರದ್ದು ಭೀಮನ ಪಾತ್ರ. ಕಥೆ ನಿನಗೆ ಗೊತ್ತು. ಅಜ್ಞಾತವಾಸದಲ್ಲಿ ಭೀಮ ವಲಲ ಅನ್ನುವ ಹೆಸರಿನಲ್ಲಿ ವಿರಾಟನ ಮನೆಯಲ್ಲಿ ಅಡುಗೆಯವನು. "ಮಾಸ್ತರಿಗೆ ವೇಷ ಯಾಕ, ಸೌಟು ಹಿಡದು ನಿಂತರ ಸಾಕು" ಅಂತ ಊರವರು ನಗುತ್ತಿದ್ದರು. ಕೀಚಕ ಮೈಮೇಲೆ ಏರಿ ಬಂದಾಗ ದ್ರೌಪದಿ ನಡುರಾತ್ರಿ ಹೋಗುವುದು ಆ ಅಡುಗೆಮನೆಗೇ. ಇದನ್ನು ನಮ್ಮ ಪಕ್ಕದ ಗದಗಿನ ಕುಮಾರವ್ಯಾಸ ಹೇಳಿದ ರೀತಿ ಓದು, ನಿನ್ನ ಹಾಸ್ಟೆಲಿನ ಲೈಬ್ರರಿಯಲ್ಲಿ ಇದ್ದೇ ಇರುತ್ತದೆ. ಮಲಗಿದ್ದ ಭೀಮನನ್ನು ಅವಳು ಎಬ್ಬಿಸುತ್ತಾಳೆ. ಭೀಮ ಮೊದಲು ಒರಟಾಗಿಯೇ ಮಾತಾಡುತ್ತಾನೆ. ಆಮೇಲೆ ಕರಗುತ್ತಾನೆ. ಕರಗಿದಾಗ ಏನು ಮಾಡುತ್ತಾನೆ? ಅವಳ ಕಣ್ಣೀರು ಒರೆಸಿ, ಕೂದಲು ನೇವರಿಸಿ, ಮಂಚದ ಹತ್ತಿರ ಇದ್ದ ಗಿಂಡಿಯ ನೀರು ತಗೊಂಡು ಅವಳ ಮುಖ ತೊಳೆಯುತ್ತಾನೆ. ಗದೆ ಹಿಡಿಯುವ ಕೈ, ಗಿಂಡಿ ಹಿಡಿಯಿತು. ಐದುನೂರು ವರ್ಷಕ್ಕೂ ಹಿಂದಿನ ಕವಿಗೆ ಆ ಗಿಂಡಿ ಹೇಗೆ ಕಂಡಿತೋ!

ನಮ್ಮ ಆಟದಲ್ಲಿ ದ್ರೌಪದಿ ಆದವನು ಮೀಸೆ ಬೋಳಿಸಿಕೊಂಡ ಒಬ್ಬ ಎತ್ತಿನ ವ್ಯಾಪಾರಿ. ಅವನು ಮೊದಲೇ ಹೇಳಿದ್ದ, "ಮಾಸ್ತರ, ನೀರು ಹಚ್ಚಬ್ಯಾಡ್ರಿ, ಮಾರಿಗೆ ಬಳದ ಅರದಾಳದ ಬಣ್ಣ ಕರಗತೈತಿ." ಹಾಗಾಗಿ ಮಾಸ್ತರ ಖಾಲಿ ತಂಬಿಗೆ ಬಗ್ಗಿಸಿದರು, ಖಾಲಿ ಬೊಗಸೆಯಿಂದ ಅವನ ಕೆನ್ನೆಯ ಹತ್ತಿರ ಕೈ ಆಡಿಸಿದರು, ಮುಟ್ಟಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಭುಜಕೀರ್ತಿಯ ಗಾಜುಗಳು ಅಲುಗುವ ಸದ್ದು ಬಿಟ್ಟರೆ ಬಯಲಿನಲ್ಲಿ ಏನೂ ಕೇಳುತ್ತಿರಲಿಲ್ಲ. ಮುಗಿದ ಕೂಡಲೇ ರಂಗದ ಹಿಂದೆ ಬಂದು "ತಂಬಿಗಿ ಯಾವನೋ ಇಲ್ಲಿ ಇಟ್ಟಂವ, ಇನ್ನೊಂದ್ ಗೇಣು ಈ ಕಡೆ ಇಡಾಕ ಏನ್ ರೋಗ?" ಅಂದರು. ಇಟ್ಟವನು ನಾನೇ.

ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನ ಆ ತುಂಡನ್ನು ನಿನಗೆ ಕಳಿಸಿದ್ದೆ, ನೆನಪಿದೆಯಾ? ತೊಗಲುಗೊಂಬೆಯ ಅಜ್ಜಿ. ನಾನು ಸಣ್ಣವನಿದ್ದಾಗ ಗೊಂಬೆಯಾಟ ನೋಡುವಾಗ ಒಂದು ಸಲ ಪರದೆಯ ಹಿಂದಕ್ಕೆ ಓಡಿ ಹೋಗಿದ್ದೆ. ಅಲ್ಲಿ ನೋಡಿದರೆ ರಾವಣ ಬರೀ ಒಂದು ಚರ್ಮದ ತುಂಡು, ಮಂಕು ಬಣ್ಣ. ಪರದೆಯ ಮುಂದೆ ಬಂದು ಕೂತರೆ ಮತ್ತೆ ಕೆಂಪು, ಹಸಿರು, ಉರಿಗಣ್ಣು. ದೀಪ ಹಿಂದೆ, ನಾವು ಮುಂದೆ. ಈರಪ್ಪನ ಕಥೆಯಲ್ಲೂ ನಮ್ಮನ್ನು ಪರದೆಯ ಮುಂದೆಯೇ ಕೂರಿಸಮ್ಮ. ಹಿಂದಕ್ಕೆ ಕರೆದುಕೊಂಡು ಹೋಗಿ ಚರ್ಮ ತೋರಿಸಬೇಡ.

ಇದನ್ನೆಲ್ಲ ಬರೆದು, ಇನ್ನೊಂದನ್ನು ಬಿಟ್ಟರೆ ಮೋಸ ಆಗುತ್ತದೆ.

ಮಾಸ್ತರ ತೀರಿಕೊಂಡು ಬಹಳ ವರ್ಷ ಆಯಿತು. ಅವರ ಹೆಂಡತಿ ಇದ್ದಾರೆ. ಈ ಸಲ ಗವಿಮಠದ ಜಾತ್ರೆಗೆ ರೊಟ್ಟಿ ಕೊಡಲು ನಮ್ಮ ಊರಿನ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿಯುತ್ತಿದ್ದರು, ಗೊತ್ತಲ್ಲ, ಊರೂರಿನಿಂದ ಗಾಡಿ ತುಂಬ ಹೋಗುತ್ತದೆ. ಅಜ್ಜಿಯೂ ಕೂತಿದ್ದರು. ನಾನು ಧೈರ್ಯ ಮಾಡಿ ಬೋಗುಣಿಯ ಕಥೆ ಹೇಳಿದೆ, ಚಾಡಿ ಹೇಳಿದವನು ನಾನೇ ಅಂತಲೂ ಹೇಳಿದೆ. ಅಜ್ಜಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಅವರು ರೊಟ್ಟಿ ತಿರುವಿ ಹಾಕಿ, "ಊರಿಗೆಲ್ಲ ಉಣಿಸಿದ. ನನಗ ಒಂದಿನ, ನೀ ಉಂಡ್ಯೇನು ಅಂತ ಕೇಳಲಿಲ್ಲ. ಕೂಲಿ ಮುರಕೊಂಡು ಬಂದ ದಿನ ನಾವು ಏನು ಉಂಡ್ವಿ, ಅದನ್ನ ಯಾರು ಆಟ ಕಟ್ತಾರ?" ಅಂದರು.

ನನ್ನ ಬಾಯಲ್ಲಿ ಮಾತೇ ಬರಲಿಲ್ಲ. ಪಕ್ಕದಲ್ಲಿದ್ದ ಹಿಟ್ಟಿನ ಬುಟ್ಟಿಯನ್ನು ಅವರ ಹತ್ತಿರ ಸರಿಸಿಕೊಟ್ಟು ಎದ್ದು ಬಂದೆ.

ನೀನು ಅಲ್ಲಿ ಒಬ್ಬಳೇ ಇದ್ದೀಯ, ಅದಕ್ಕೆ ಅಪ್ಪನಾಗಿ ಒಂದು ಮಾತು. ಬೈಯುವವರೆಲ್ಲ ಒಳಗೆ ಒಳ್ಳೆಯವರು ಅಂತ ಈ ಪತ್ರದಿಂದ ಕಲಿತುಕೊಂಡೀಯ ಮತ್ತೆ! ಯಾರ ಮೇಲೆ ಸಿಟ್ಟು, ಯಾರಿಗೆ ಬೋಗುಣಿ, ಅದನ್ನು ನೋಡು. ಬೀಗರಿಗೆ ಹಲ್ಲು ಕಿರಿದು, ಪಾತ್ರೆ ತಿಕ್ಕುವವರ ಮೇಲೆ ಹಾರಾಡುವವನು ಬಂದರೆ ಅವನ ಒಳಗೆ ಹುಡುಕಲು ಹೋಗಬೇಡ. ಸುಮ್ನೆ ಎದ್ದು ಬಂದುಬಿಡು, ಬಸ್ ಚಾರ್ಜ್ ನಾನು ಕಳಿಸುತ್ತೇನೆ.

ಕಥೆಗೆ ಬರುತ್ತೇನೆ. ಸತ್ತ ಮಗಳನ್ನು ತೆಗೆ. ಅವಳ ಬದಲಿಗೆ ಈರಪ್ಪನಿಗೆ ಒಬ್ಬ ಬದುಕಿರುವ ಹೆಂಡತಿಯನ್ನು ಕೊಡು. ಸಂಜೆ ಅವಳು ದುಡ್ಡಿನ ಡಬ್ಬಿ ಎಣಿಸಲಿ. ಲೆಕ್ಕಕ್ಕಿಂತ ಕಮ್ಮಿ ಇರಲಿ. ಅವಳು ಕೇಳಲಿ, ಅವನು ಬೈಯಲಿ. ಮತ್ತೆ ಆ ಮುದುಕಿ, ಅವಳಿಗೆ ಅವನು ಎಲ್ಲರ ಮುಂದೆ ಜೋರಾಗಿ "ಬುಟ್ಟಿ ಇಟ್ಟು ಹೋಗು, ಇಲ್ಲಿ ನಿಂದ್ರಬ್ಯಾಡ" ಅಂತ ಕಿರುಚಬೇಕು. ನಿಂತರೆ ದುಡ್ಡು ಕೊಡಬೇಕಾಗುತ್ತದಲ್ಲ, ಅದಕ್ಕೆ. ಇದನ್ನು ನೀನು ಬಿಡಿಸಿ ಹೇಳಬೇಡ. ಜೆರಾಕ್ಸ್ ಅಂಗಡಿಯ ಹುಡುಗನಿಗೆ ತಾನಾಗಿಯೇ ತಿಳಿಯುತ್ತದೆ.

ನಿಮ್ಮವ್ವನೂ ಓದಿದಳು. ಕನ್ನಡಕ ತೆಗೆದು, "ಈರಪ್ಪ ಥೇಟ್ ನಿಮ್ಮಂಗ ಅದಾನ" ಅಂದಳು. ನಾನೆಲ್ಲಿ ಬೈಯುತ್ತೇನೆ? ವಿಚಾರಿಸಿ ತಿಳಿಸು.

ನಾಳೆಯ ಬಸ್ಸಿಗೆ ಪಾರ್ಸಲ್ ಹಾಕುತ್ತಿದ್ದೇನೆ. ಕಟಕ ರೊಟ್ಟಿ ಮೂವತ್ತು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ರೂಮಿನ ಹುಡುಗಿಯರಿಗೂ ಲೆಕ್ಕ ಹಾಕಿದ್ದೇವೆ. ಹೋದ ಸಲ ಕಳಿಸಿದ ಎರಡು ಸ್ಟೀಲ್ ಡಬ್ಬಿ ಇನ್ನೂ ಮನೆಗೆ ಬಂದಿಲ್ಲ. ಡಬ್ಬಿ ಏನು ಗಿಡದಲ್ಲಿ ಬಿಡುತ್ತವಾ? ಬರುವಾಗ ಮರೆಯದೆ ತಾ.

ನಿನ್ನ ಅಪ್ಪ